ಗುರುವಾರದ ಬೀಜಗಳು

ಸತ್ತವನು ಮಲಗಿದ್ದ ಜಾಗದಲ್ಲೇ ನಾನು ಮಲಗಿದ್ದೆ. ಅವನ ಹಾಗೆಯೇ ಅಂಗಾತ. ತಲೆ ಗೆದ್ದಲಿನ ಹುತ್ತದ ಕಡೆಗೆ, ಪಾದ ಕಾಲುದಾರಿಯ ಕಡೆಗೆ, ಎರಡೂ ಕೈ ಎದೆಯ ಮೇಲೆ. ಹನ್ನೊಂದು ಗಂಟೆಯಿಂದ ಎರಡರವರೆಗೆ ಅಲುಗಾಡಬಾರದು ಎಂದು ನನಗೆ ನಾನೇ ಕಟ್ಟಪ್ಪಣೆ ಮಾಡಿಕೊಂಡಿದ್ದೆ.

ಯಾರಾದರೂ ಆಗಷ್ಟೇ ಎದ್ದುಹೋದ ಹಾಸಿಗೆ ಬೆಚ್ಚಗಿರುತ್ತದೆ. ಈ ನೆಲ ಅದಕ್ಕೆ ತದ್ವಿರುದ್ಧ. ಜನವರಿಯ ಒಣಗಾಳಿಗೆ ತುಟಿ ಒಡೆಯುತ್ತಿದ್ದರೂ ಬೆನ್ನ ಕೆಳಗಿನ ಮಣ್ಣು ಮಾತ್ರ ತಣ್ಣಗಿತ್ತು.

ಮೇಲೆ ಎಲ್ಲೋ ಲಟಿಗೆ ಮುರಿದ ಸದ್ದಾಯಿತು. ಅರೆಕ್ಷಣ ಬಿಟ್ಟು, ಅಂಗಿಯ ಗುಂಡಿಯಷ್ಟು ಅಗಲದ ಕರಿಬೀಜವೊಂದು ನನ್ನ ಹೊಟ್ಟೆಯ ಮೇಲೆ ಬಿತ್ತು.

“ಒಂದು,” ಎಂದು ನನ್ನ ಜೊತೆಯ ಪೊಲೀಸ್ ಕಾರ್ಪೊರಲ್ ಲಾರ್ಟೆ ತನ್ನ ಪುಸ್ತಕದಲ್ಲಿ ಗೀಟು ಎಳೆದ.

ಇದೇ ನೆಲದ ಮೇಲೆ ಶುಕ್ರವಾರ ಸೂರ್ಯ ಹುಟ್ಟುವ ಹೊತ್ತಿಗೆ ಅಸೆನ್‌ಕ್ರೊ ಊರಿನ ಹಿರಿಯ ಸಫೋರೊನ ಹೆಣ ಸಿಕ್ಕಿತ್ತು, ಹಿಂದಲೆ ಒಡೆದಿತ್ತು. ಇವತ್ತು ಸೋಮವಾರ. ಸಂಜೆ ನಾಲ್ಕಕ್ಕೆ ಊರಿನ ಸಭೆ ಸೇರಿ, ಈ ಕೊಲೆ ಮಾಡಿಸಿದ ಮಾಟಗಾತಿ ಎಂದು ಅಜೈವಾ ಎಂಬ ಮುದುಕಿಯನ್ನು ಊರು ಬಿಡಿಸಲಿತ್ತು. ನನ್ನ ಕೈಯಲ್ಲಿದ್ದದ್ದು ಐದು ಗಂಟೆ, ಮತ್ತು ತಲೆಯ ಮೇಲಿನ ಈ ಬಳ್ಳಿ.

ಕಜಾವನ್ನು ಗಿಡ ಎನ್ನುವುದೋ ಬಳ್ಳಿ ಎನ್ನುವುದೋ ಈ ಊರಿನವರೇ ಇನ್ನೂ ತೀರ್ಮಾನಿಸಿಲ್ಲ. ಬಯಲಲ್ಲಿ ಹುಟ್ಟಿದರೆ ಪೊದೆಯಾಗಿ ಸೊಂಟದೆತ್ತರಕ್ಕೆ ನಿಂತುಬಿಡುತ್ತದೆ. ಪಕ್ಕದಲ್ಲೊಂದು ಮರವಿದ್ದರೆ ಅದರ ಸ್ವಭಾವವೇ ಬದಲಾಗುತ್ತದೆ. ರೆಂಬೆಗಳು ಉದ್ದವಾಗಿ, ಬಾಗಿ, ಕಣ್ಣು ಕಾಣದವರು ಗೋಡೆ ತಡವಿದ ಹಾಗೆ ಗಾಳಿಯನ್ನು ತಡವುತ್ತವೆ. ಹಿಡಿಯಲು ಅದಕ್ಕೆ ಗಿಡ್ಡ ಕೊಕ್ಕೆಗಳಿವೆ. ಎಳೆಯದಿರುವಾಗ ಅವು ಹಸಿರು, ಮೆತ್ತಗೆ. ಒಮ್ಮೆ ಏನನ್ನಾದರೂ ಹಿಡಿದರೆ ಹಿಡಿದಲ್ಲೇ ದಪ್ಪವಾಗಿ ಕಟ್ಟಿಗೆಯಾಗುತ್ತವೆ. ಆಮೇಲೆ ಬಿಡಿಸಲು ಬರುವುದಿಲ್ಲ, ಕತ್ತರಿಸಬೇಕು.

ಎಲೆಯ ಬುಡದಿಂದಲೇ ಮೂರು ನರ ಹೊರಟು ತುದಿಯ ಕಡೆಗೆ ಬಾಗಿ ಹೋಗುತ್ತವೆ. ಕೆಳಗೆ ಮಲಗಿ ಬಿಸಿಲಿಗೆದುರಾಗಿ ನೋಡಿದರೆ ಅಷ್ಟೂ ಎಲೆ ಅಂಗೈಗಳಾಗಿ ಕಾಣುತ್ತವೆ. ಅರ್ಧ ಗಂಟೆ ಹಾಗೆ ನೋಡಿದ ಮೇಲೆ ನಾನು ಕಣ್ಣು ಮುಚ್ಚಿಕೊಂಡೆ.

“ನಾಲ್ಕು. ಮೇಡಂ, ನಿದ್ದೆ ಮಾಡಬೇಡಿ. ಸತ್ತವರ ಜಾಗದಲ್ಲಿ ನಿದ್ದೆ ಬಂದ್ರೆ ಅವರ ಕನಸು ಬೀಳುತ್ತಂತೆ.”

“ಬಿದ್ರೆ ಒಳ್ಳೇದೇ. ಯಾರು ಹೊಡೆದದ್ದು ಅಂತ ಕೇಳ್ತೀನಿ.”

“ಕೇಳಿ. ಹಾಗೇ ಇಲ್ಲಿ ಹುರಿದ ಮೀನು ಎಲ್ಲಿ ಸಿಗುತ್ತೆ ಅಂತಾನೂ ಕೇಳಿ. ಮೂರು ದಿನದಿಂದ ಬರೀ ಗೆಣಸು.”

ಲಾರ್ಟೆ ರಾಜಧಾನಿಯವನು, ನಲವತ್ತು ದಾಟಿದವನು, ಕಾಡೆಂದರೆ ಆಗದವನು. ಹೆದರಿದಾಗಲೆಲ್ಲ ಊಟದ ಮಾತೆತ್ತುತ್ತಾನೆ. ಅವನು ಕೂತಿದ್ದದ್ದು ಬೇರಿನ ಮೇಲೆ, ಬೆನ್ನು ಮರಕ್ಕೆ ಒತ್ತಿಕೊಂಡು. ಹಿಂದಿನಿಂದ ಯಾರೂ ಬರದ ಹಾಗೆ.

ಐದು. ಆರು ಮತ್ತು ಏಳು ಒಟ್ಟಿಗೇ ಬಿದ್ದವು. ಕಾಯಿ ಗಾಳಿ ತುಂಬಿ ಉಬ್ಬಿದ ಕೆನ್ನೆಯಂತಿರುತ್ತದೆ. ಒಂದೊಂದಕ್ಕೂ ತನ್ನದೇ ತೊಟ್ಟು. ಬಿಸಿಲೇರಿದಂತೆ ಅದರ ಎರಡು ಹೋಳುಗಳು ಒಂದನ್ನೊಂದು ಎಳೆದಾಡಿ, ತಾಳಲಾರದೆ ಸಿಡಿದು, ತಿರುಚಿಕೊಂಡು ಬಳ್ಳಿಯಲ್ಲೇ ಉಳಿಯುತ್ತವೆ. ಬೀಜ ಮಾತ್ರ ಹಾರುತ್ತದೆ. ಇದೆಲ್ಲ ನಡೆಯುವುದು ನಡುಹಗಲಲ್ಲಿ. ಸಂಜೆಯ ತೇವ ತಾಗಿತೋ, ಮರುದಿನ ಬಿಸಿಲು ಬಲಿಯುವವರೆಗೆ ಬಳ್ಳಿ ಉಸಿರೆತ್ತುವುದಿಲ್ಲ.

ಅಸೆನ್‌ಕ್ರೊದ ಹೆಂಗಸರು ಕಾಯಿಯನ್ನು ಕೀಳುವುದಿಲ್ಲ. ಬಿದ್ದದ್ದನ್ನಷ್ಟೇ ಆರಿಸಿ ಸಂತೆಯಲ್ಲಿ ಮಾರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಬಳ್ಳಿ, ಅದರ ಕೆಳಗೆ ಒಂದೊಂದು ನೆಲ. ಸಂಜೆ ಮನೆಗೆ ಹೊರಡುವ ಮೊದಲು ನೆಲ ಗುಡಿಸಿಯೇ ಹೊರಡಬೇಕು. ಮರುದಿನ ಕೆಂಪು ಮಣ್ಣಿನ ಮೇಲೆ ಕರಿಬೀಜ ಕಣ್ಣಿಗೆ ಹೊಡೆಯಬೇಕು. ನಾನು ಮಲಗಿದ್ದದ್ದು ಅಜೈವಾಳ ನೆಲದಲ್ಲಿ.

ಗುರುವಾರ ಮಾತ್ರ ಯಾರೂ ಇಲ್ಲಿಗೆ ಬರುವುದಿಲ್ಲ. ಗುರುವಾರ ಭೂಮಿತಾಯಿ ಮಲಗುವ ದಿನ. ಗುದ್ದಲಿ ತಾಗಬಾರದು, ಹೆಜ್ಜೆ ಬೀಳಬಾರದು. ಬುಧವಾರ ಸಂಜೆ ಊರ ಬೀದಿಯಲ್ಲಿ ಗಂಟೆ ಬಾರಿಸಿ ಅದನ್ನು ಸಾರುವ ಕೆಲಸ ಸಫೋರೊನದು. ಕಟ್ಟಳೆ ಮೀರಿದವರಿಂದ ಕುರಿ ದಂಡ ಹಿಡಿಯುತ್ತಿದ್ದವನೂ ಅವನೇ. ಶುಕ್ರವಾರ ಬೆಳಗ್ಗೆ ಬಂದು ನೋಡಿದರೆ ನೆಲದ ತುಂಬ ಬೀಜ. ದಣಿವಾರಿದ ಭೂಮಿ ಶುಕ್ರವಾರದ ನಸುಕಿನಲ್ಲಿ ಕೊಡುವ ಉಡುಗೊರೆ ಅದು ಎನ್ನುತ್ತಾರೆ. ಅಜ್ಜಿಯರು ಹೇಳಿದ್ದು, ಮೊಮ್ಮಕ್ಕಳು ನಂಬಿದ್ದು. ಗುರುವಾರದ ನಡುಹಗಲಲ್ಲಿ ಈ ಬಳ್ಳಿ ಏನು ಮಾಡುತ್ತದೆಂದು ಯಾರೂ ಕಂಡಿರಲಿಲ್ಲ. ಕಾಣುವಂತೆಯೂ ಇರಲಿಲ್ಲ.

ನಾನು ಕಡಲ ತೀರದವಳು. ನಮ್ಮಲ್ಲಿ ಮಲಗುವುದು ಕಡಲು, ಅದೂ ಮಂಗಳವಾರ. ನನ್ನ ಅಪ್ಪ ಒಂದು ಮಂಗಳವಾರ ದೋಣಿ ಇಳಿಸಿದ. ಮೀನು ರಾಶಿಗಟ್ಟಲೆ ಸಿಕ್ಕಿತ್ತು. ದೋಣಿ ದಡಕ್ಕೆ ಬಂದಾಗ ಮೀನು ಇತ್ತು, ಬಲೆ ಇತ್ತು, ಅಪ್ಪ ಇರಲಿಲ್ಲ. ಮಂಗಳವಾರವೂ ಮೀನು ಈಜುತ್ತದೆ ಎಂಬುದು ನನಗೆ ಏಳು ವರ್ಷಕ್ಕೇ ಗೊತ್ತಾಗಿತ್ತು.

“ಒಂಬತ್ತು,” ಎಂದ ಲಾರ್ಟೆ. ಆಮೇಲೆ ಸಣ್ಣ ದನಿಯಲ್ಲಿ, “ಯಾರೋ ಬರ್ತಿದಾರೆ.”

ಬಂದವನು ಟುಮಾಸಿ. ಊರಿನ ದೊರೆಯ ಮಾತುಗಾರ. ದೊರೆಗೆ ಯಾರು ಏನು ಹೇಳಬೇಕಾದರೂ ಅವನ ಮೂಲಕವೇ ಹೇಳಬೇಕು. ಎತ್ತರದ ಆಳು. ನೀಲಿ ವಸ್ತ್ರದ ಸೆರಗನ್ನು ಎಡ ಹೆಗಲಿಗೆ ಎಸೆದುಕೊಂಡು, ನಾನು ಗುಡಿಸಿದ ನೆಲದ ಅಂಚಿನಲ್ಲಿ ನಿಂತು, ತಲೆ ಓರೆ ಮಾಡಿ ನನ್ನನ್ನು ನೋಡಿದ.

“ಆರ್ಹಿನ್ ಮೇಡಂ, ಒಂದು ಹೆಣ ಹೊತ್ತೇ ನಮ್ಮ ಹುಡುಗರ ಹೆಗಲು ಇನ್ನೂ ನೋಯ್ತಿದೆ. ನಿಮ್ಮದನ್ನೂ ಹೊರಿಸಬೇಡಿ.”

ಎದ್ದೇಳದೆಯೇ, ಏನು ಸಮಾಚಾರ ಎಂದು ಕೇಳಿದೆ. ದೊರೆಗೆ ಮೈ ಸರಿಯಿಲ್ಲವಂತೆ, ಸಂಜೆಯ ಚಳಿಗೆ ಕೂರಲಾಗುವುದಿಲ್ಲವಂತೆ, ಸಭೆ ಮೂರಕ್ಕೇ ಸೇರುತ್ತದಂತೆ. ಮುದುಕಿಗೂ ಅದೇ ಒಳ್ಳೆಯದು, ಬೆಳಕಿರುವಾಗಲೇ ಪಕ್ಕದೂರು ಸೇರಿಕೊಳ್ಳಬಹುದು ಎಂದ. ಅದನ್ನು ಹೇಳಿದ ದನಿಯಲ್ಲಿ ನಿಜವಾದ ಕರುಣೆ ಇತ್ತು.

ನಾನು ಎಲ್ಲ ಬಿಟ್ಟು ಇಲ್ಲಿ ಯಾಕೆ ಮಲಗಿದ್ದೇನೆ ಎಂದು ಅವನು ಕೇಳಲಿಲ್ಲ. ಸಭ್ಯ ಮನುಷ್ಯ ಎಂದುಕೊಂಡೆ.

ಎರಡು ಗಂಟೆಗೆ ಎದ್ದೆ. ನನ್ನ ಮೈಮೇಲೆ, ಬಟ್ಟೆಯ ಮಡಿಕೆಗಳಲ್ಲಿ ಒಟ್ಟು ಹದಿನಾಲ್ಕು ಬೀಜ. ಬೆನ್ನಿನ ಕೆಳಗೆ, ನಾನೇ ಗುಡಿಸಿ ಮಲಗಿದ್ದ ನೆಲದಲ್ಲಿ, ಒಂದೂ ಇಲ್ಲ.

ಸಫೋರೊನದು ತಿರುವುಮುರುವು. ಜಿಲ್ಲಾ ಆಸ್ಪತ್ರೆಯಲ್ಲಿ ಅವನನ್ನು ಮಗುಚಿ ಮಲಗಿಸಿದಾಗ ಬೆನ್ನಿನ ಮೇಲೆ ಹನ್ನೊಂದು ದುಂಡು ಅಚ್ಚುಗಳಿದ್ದವು. ಬೆನ್ನ ಕಡೆಯ ಬಟ್ಟೆಯ ನೇಯ್ಗೆಯಲ್ಲಿ ಹನ್ನೊಂದು ಬೀಜ ಕಚ್ಚಿಕೊಂಡಿದ್ದವು. ಎದೆಯ ಮೇಲಿನ ಬಟ್ಟೆ ಚೊಕ್ಕ. ಹೆಣವನ್ನು ಮೊದಲು ಕಂಡ ಇಬ್ಬರು ಹೆಂಗಸರಿಗೆ ಮೈ ನಡುಗಿದ್ದೂ ಅದಕ್ಕೇ. ಸುತ್ತಲೂ ನೆಲವೆಲ್ಲ ಕಪ್ಪಗಿದ್ದರೂ ಅವನ ಮೇಲೆ ಒಂದು ಕಾಳೂ ಬಿದ್ದಿರಲಿಲ್ಲವಂತೆ. ಕಜಾ ಕೂಡ ಅವನನ್ನು ಮುಟ್ಟಲು ಅಂಜಿತ್ತು ಎಂದು ಅವರು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಮೈ ಕೊಡವಿಕೊಳ್ಳುತ್ತ ನಾನು ಮೇಲೆ ನೋಡಿದೆ. ಅಜೈವಾಳ ಬಳ್ಳಿಯಲ್ಲಿ ಸಿಡಿದ ಹೋಳುಗಳು ಸುರುಳಿ ಸುತ್ತಿ ನೇತಾಡುತ್ತಿದ್ದವು. ಹತ್ತು ಹೆಜ್ಜೆ ಆಚೆಗೆ, ಯಾರ ಪಾಲಿಗೂ ಸೇರದ ದೊಡ್ಡ ಬಳ್ಳಿಯೊಂದಿತ್ತು. ಅದರ ಗೊಂಚಲುಗಳಲ್ಲಿ ಹೋಳುಗಳೇ ಇರಲಿಲ್ಲ. ಬರೀ ತೊಟ್ಟುಗಳು. ಲಾರ್ಟೆಯ ಹೆಗಲು ಹತ್ತಿ ಒಂದನ್ನು ಹತ್ತಿರದಿಂದ ನೋಡಿದೆ. ತುದಿ ಓರೆಯಾಗಿ, ನುಣ್ಣಗೆ ಕತ್ತರಿಸಿತ್ತು. ಸಿಡಿಯುವ ಮೊದಲೇ, ಹಸಿಯಾಗಿರುವಾಗಲೇ ಯಾರೋ ಚಾಕುವಿನಿಂದ ಕೊಯ್ದಿದ್ದರು. ಒಂದು ಬಾರಿಯಲ್ಲ. ಕೆಲವು ತೊಟ್ಟು ಬೂದು ಬಣ್ಣಕ್ಕೆ ತಿರುಗಿದ್ದವು, ಕೆಲವು ಇನ್ನೂ ಕಂದು ಬಣ್ಣದಲ್ಲೇ ಇದ್ದವು.

ಉಳಿದ ಆರು ದಿನ ಇಲ್ಲಿ ಹೆಂಗಸರ ಕಣ್ಣು ತಪ್ಪಿಸಿ ಕಾಯಿ ಕೊಯ್ಯಲಾಗುವುದಿಲ್ಲ.

“ಇಳೀರಿ ಮೇಡಂ,” ಎಂದ ಲಾರ್ಟೆ. “ಇದಕ್ಕಿಂತ ಹೆಣ ಹೊರೋದೇ ಹಗುರ.”

ಅಜೈವಾಳ ಮನೆಯ ಬಾಗಿಲಲ್ಲಿ ಮೂರು ಗೀರುಗಳಿದ್ದವು. ಶವಪೆಟ್ಟಿಗೆಯ ಮೂಲೆ ತಾಗಿದ ಗುರುತು.

ಶನಿವಾರ ಮುಸ್ಸಂಜೆ ಅದನ್ನು ನಾನೇ ಕಣ್ಣಾರೆ ನೋಡಿದ್ದೆ. ಸರ್ಕಾರ ಎಂದೋ ನಿಷೇಧಿಸಿದ ಪದ್ಧತಿ. ಕೊನೆಯ ಬಾರಿ ಮನೆಮನೆಗೂ ಹೇಳಿ ಹೋಗಲಿ, ಅಷ್ಟೇ ಎಂದು ಹಿರಿಯರು ನನ್ನ ಕೈಹಿಡಿದು ಬೇಡಿಕೊಂಡಿದ್ದರು. ನಾಲ್ವರು ಪೆಟ್ಟಿಗೆ ಹೊತ್ತರು. ಮುಂದಿನ ಎಡ ಮೂಲೆಗೆ ಸಫೋರೊನ ತಂಗಿಯ ಮಗ ಒಚೆರೆ. ಸೋದರಮಾವನ ಮನೆ, ತೋಟ, ಪೀಠ ಎಲ್ಲ ಇನ್ನು ಅವನದೇ. ಪೆಟ್ಟಿಗೆ ಬೀದಿಯುದ್ದಕ್ಕೂ ನೆಟ್ಟಗೆ ಹೋಯಿತು. ಅಜೈವಾಳ ಮನೆಯ ಮುಂದೆ ಗಾಳಿಗೆ ಸಿಕ್ಕ ದೋಣಿಯಂತೆ ಮುಗ್ಗರಿಸಿ, ತಿರುಗಿ, ಹೊತ್ತವರನ್ನು ಎಳೆದುಕೊಂಡೇ ಬಾಗಿಲಿಗೆ ಗುದ್ದಿತು. ಮೂರು ಸಲ. ಸತ್ತವನು ತನ್ನನ್ನು ಕೊಂದವರ ಮನೆ ತೋರಿಸಿದ್ದ. ನಾನು ತಡೆಯಲು ಮುಂದೆ ಹೋಗಲಿಲ್ಲ.

ಅಜೈವಾ ಮೊದಲು ನೀರು ಕೊಟ್ಟಳು. ಕುಡಿದು ಬಟ್ಟಲು ಹಿಂದಿರುಗಿಸಿದ ಮೇಲೆಯೇ ಬಂದ ಕಾರಣ ಕೇಳಿದಳು. ಗಂಟು ಕಟ್ಟಿ ಆಗಿತ್ತು. ಒಂದು ಮಡಕೆ, ಎರಡು ಬಟ್ಟೆ, ಪೊರಕೆ. ಬಾಯಲ್ಲಿ ಕಜಾದ ಹಲ್ಲುಕಡ್ಡಿ. ಎಪ್ಪತ್ತರ ಹತ್ತಿರದವಳು, ಆದರೂ ಬೆನ್ನು ಬಾಗಿರಲಿಲ್ಲ.

ಬುಧವಾರ ಮಧ್ಯಾಹ್ನದ ಜಗಳದ ಬಗ್ಗೆ ಮತ್ತೆ ಕೇಳಿದೆ. ಸಫೋರೊ ಅವಳ ಬಳ್ಳಿಯ ಹತ್ತಿರ ಬಂದಿದ್ದ. ಇಬ್ಬರೂ ಏರುದನಿಯಲ್ಲಿ ಮಾತಾಡಿದ್ದರು. ಇನ್ನು ಈ ಕಡೆ ಕಾಲಿಟ್ಟರೆ ನಿನ್ನ ಕಾಲ ಮೇಲೆ ನೀನು ವಾಪಸು ಹೋಗುವುದಿಲ್ಲ ಎಂದು ಅಜೈವಾ ಹೇಳಿದ್ದನ್ನು ಮೂವರು ಹೆಂಗಸರು ಕೇಳಿಸಿಕೊಂಡಿದ್ದರು. ಶಾಪ ಎಂದರೆ ಅದೇ ಅಲ್ಲವೇ ಎಂದು ಊರು ಕೇಳುತ್ತಿತ್ತು. ಬುಧವಾರ ಸಂಜೆ ಗಂಟೆ ಬಾರಿಸಿದ ಮೇಲೆ ಅವನನ್ನು ಯಾರೂ ಕಂಡಿರಲಿಲ್ಲ, ಆಗಲೇ ಶಾಪ ತಾಗಿತು ಎಂದು ಜನ ಲೆಕ್ಕ ಹಾಕಿದ್ದರು. ಹೊಡೆದ ಕೈ ಯಾರದೆಂದು ಊರಿಗೆ ಬೇಕಿರಲಿಲ್ಲ. ಹೊಡೆಸಿದ ನಾಲಿಗೆ ಸಿಕ್ಕಿತ್ತು.

ಹೇಳಿದ್ದು ನಿಜ ಎಂದು ಒಪ್ಪಿಕೊಂಡಳು. ಯಾಕೆಂದು ಹೇಳಲಿಲ್ಲ. ಬುಧವಾರ ಸಂಜೆ ಗಂಟೆಯ ಸದ್ದು ಕೇಳಿದ ಮೇಲೆ ನೆಲ ಗುಡಿಸಿದೆ, ಒಂದು ಕಡ್ಡಿ ಬಿಟ್ಟಿಲ್ಲ ಎಂದಳು.

“ಗುರುವಾರ ಎಲ್ಲಿದ್ದೆ ಅಜ್ಜಿ?”

“ಒಳಗೇ ಇದ್ದೆ. ಸೊಂಟ ಹಿಡ್ಕೊಂಡಿತ್ತು.”

“ಯಾರಾದ್ರೂ ನೋಡಿದ್ರಾ?”

“ಮುದುಕಿ ಸೊಂಟ ಯಾರು ನೋಡ್ತಾರೆ ಮಗಳೇ?”

ಲಾರ್ಟೆ ಬೇರೆ ಕಡೆ ತಿರುಗಿ ಕೆಮ್ಮಿದ. ನಾನು ಬೀಜಗಳ ಲೆಕ್ಕ ಹೇಳಿದೆ. ಹೆಣವನ್ನು ಅಲ್ಲಿ ತಂದು ಮಲಗಿಸಿದ್ದು ಗುರುವಾರ ಬಿಸಿಲು ಇಳಿದ ಮೇಲೆ. ನಿನ್ನ ಮಾತಿಗೂ ಸಾವಿಗೂ ನಂಟಿಲ್ಲ. ಯಾವನೋ ಒಬ್ಬ ಕಟ್ಟಳೆ ಮುರಿದು ಕಾಡಿಗೆ ಹೋಗಿದ್ದಾನೆ, ಅವನೇ ಕೊಂದಿದ್ದಾನೆ. ಇದನ್ನು ಸಭೆಯಲ್ಲಿ ಹೇಳುತ್ತೇನೆ, ಗಂಟು ಬಿಚ್ಚು ಎಂದೆ.

ಅವಳ ಮುಖದಲ್ಲಿ ನಾನು ಕಾದಿದ್ದ ಬೆಳಕು ಮೂಡಲಿಲ್ಲ. ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು, ಅದರ ಜಗಿದ ತುದಿಯನ್ನು ನೋಡಿದಳು.

“ಬಿಟ್ಬಿಡು,” ಎಂದಳು. “ಪಕ್ಕದೂರಲ್ಲೂ ಕಜಾ ಬೆಳೆಯುತ್ತೆ. ಗುರುವಾರದ ಮಾತು ಎತ್ತಬೇಡ.”

ಹೆದರಿದ್ದಾಳೆ ಎಂದುಕೊಂಡೆ. ಈ ನಾಲ್ಕು ದಿನಗಳಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಇದೇ.

ಅರಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಊರೇ ಸೇರಿತ್ತು. ಧೂಳು ಮುಸುಕಿದ ಆಕಾಶದಲ್ಲಿ ಸೂರ್ಯ ಹಾಲು ಬಿದ್ದ ಕಣ್ಣಿನಂತಿದ್ದ. ದೊರೆ ದೊಡ್ಡ ಕೊಡೆಯ ಕೆಳಗೆ ಕಂಬಳಿ ಹೊದ್ದು ಕೂತಿದ್ದರು. ಮುದುಕರು, ಕಿವಿ ಮಂದ. ಅವರಿಗೂ ನಮಗೂ ನಡುವೆ ಇಪ್ಪತ್ತು ಹೆಜ್ಜೆಯಷ್ಟು ಬರಿನೆಲ. ಆ ನೆಲದ ಮೇಲೆ ಓಡಾಡುವ ಹಕ್ಕು ಟುಮಾಸಿಗೆ ಮಾತ್ರ. ಕೈಯಲ್ಲಿ ಚಿನ್ನದ ತಗಡು ಹೊದಿಸಿದ ಕೋಲು. ನಾವು ಹೇಳಿದ್ದನ್ನು ಅವನು ಹತ್ತಿರ ನಿಂತು ಕೇಳಿಸಿಕೊಳ್ಳುತ್ತಾನೆ, ದೊರೆಯ ಬಳಿಗೆ ಹೋಗಿ ಹೇಳುತ್ತಾನೆ. ದೊರೆಯ ಕಿವಿಗೆ ಬಿದ್ದ ಮೇಲೆಯೇ ಅದು ಮಾತು. ಅಲ್ಲಿಯವರೆಗೆ ಬರೀ ಸದ್ದು.

ಮುಂದಿನ ಸಾಲಿನಲ್ಲಿ ಅಜೈವಾ ಒಂದು ಗಿಡ್ಡ ಮಣೆಯ ಮೇಲೆ ಕೂತಿದ್ದಳು. ಅವಳ ಪಕ್ಕಕ್ಕೆ, ಎರಡು ಮೊಳ ದೂರದಲ್ಲಿ ನಾನು. ಒಚೆರೆ ಎದುರು ಸಾಲಿನಲ್ಲಿ, ಸೂತಕದ ಕೆಂಪು ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ನಿಂತಿದ್ದ.

ನಾನು ಬೀಜಗಳ ಕಥೆ ಹೇಳಿದೆ. ನನ್ನ ಒರಟು ಮಾತು ಟುಮಾಸಿಯ ಬಾಯಲ್ಲಿ ಚೆಂದವಾಗುತ್ತಿತ್ತು. ಹನ್ನೊಂದು ಬೀಜ ಎಂದು ನಾನು ಹೇಳಿದ್ದನ್ನು ಅವನು ಎರಡು ಕೈಯ ಬೆರಳೂ ಮುಗಿದು ಇನ್ನೊಂದು ಎಂದು ಹೇಳಿದ. ಒಂದು ಸಂಗತಿ ಬಿಡಲಿಲ್ಲ, ಒಂದು ಸೇರಿಸಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬರ ಮಾತನ್ನೂ ಅವನು ತಿರುಚಿಲ್ಲ ಎಂದು ಜನ ಹೆಮ್ಮೆಯಿಂದ ಹೇಳುತ್ತಿದ್ದದ್ದು ಸುಳ್ಳಲ್ಲ.

ಒಬ್ಬ ಹಿರಿಯ ಎದ್ದು, ಶುಕ್ರವಾರದ ಬೀಜ ಬಳ್ಳಿಯಿಂದ ಬೀಳುವುದಲ್ಲ, ಭೂಮಿ ಕೊಡುವುದು ಎಂದ. ಭೂಮಿ ನಸುಕಿನಲ್ಲಿ ಕೊಡುವುದಾದರೆ ಆಗಲೇ ಮಲಗಿದ್ದವನ ಎದೆಯ ಮೇಲೂ ಕೊಡಬೇಕಿತ್ತಲ್ಲ ಎಂದು ಕೇಳಿದೆ. ಭೂಮಿ ಕೊಡುವುದು ಕೆಳಗಿನಿಂದಲೇ ತಾನೇ ಎಂದ. ಜನ ನಕ್ಕರು. ಆಗ ಲಾರ್ಟೆ ತನ್ನ ಪುಸ್ತಕ ತೆರೆದು, ಇವತ್ತು ನಡುಹಗಲು ನನ್ನ ಮೇಲೆ ಬಿದ್ದ ಬೀಜಗಳ ಹದಿನಾಲ್ಕು ಗೀಟು ತೋರಿಸಿದ. ಹೆಣದ ಬೆನ್ನಿನ ಬಟ್ಟೆಯನ್ನು ನಾನು ಹರವಿದೆ. ಕಜಾಕ್ಕೆ ವಾರ ಗೊತ್ತಿಲ್ಲ ಎಂದೆ. ಬಿಸಿಲಿದ್ದರೆ ಅದು ಗುರುವಾರವೂ ಸಿಡಿಯುತ್ತದೆ. ಬುಧವಾರ ಸಂಜೆ ಮಲಗಿಸಿದ್ದರೆ ಬೀಜ ಅವನ ಮೇಲಿರಬೇಕಿತ್ತು. ಅವು ಅವನ ಕೆಳಗಿದ್ದವು. ಪಕ್ಕದ ಬಳ್ಳಿಯ ಕತ್ತರಿಸಿದ ತೊಟ್ಟುಗಳನ್ನೂ ಬಟ್ಟೆಯ ಮೇಲಿಟ್ಟೆ.

ನಗು ನಿಂತಿತು. ಒಬ್ಬೊಬ್ಬರ ಮುಖದಲ್ಲೂ ಅದು ಇಳಿಯುವುದನ್ನು ನೋಡಿದೆ. ಗುರುವಾರ ಕಾಡಿನಲ್ಲಿ ಮನುಷ್ಯರಿದ್ದರು. ಹಿಂದಲೆ ಒಡೆದದ್ದಕ್ಕಿಂತ ಇದು ಅವರನ್ನು ಹೆಚ್ಚು ಹೆದರಿಸಿತು. ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಆಗ ಒಚೆರೆ ಮುಂದೆ ಬಂದ. ಅವನ ತುಟಿ ಬಿಳಿಚಿತ್ತು.

ಅವನ ಮನೆ ಕಾಡಿನ ಅಂಚಿಗಿದೆ. ಗುರುವಾರ ಬಿಸಿಲಿಳಿಯುವ ಮುಂಚೆ ಹಿತ್ತಿಲಲ್ಲಿ ಕೂತಿದ್ದಾಗ ಕಾಲುದಾರಿಯಿಂದ ಒಬ್ಬಳು ಓಡಿ ಬಂದಳಂತೆ. ತಲೆಯ ವಸ್ತ್ರ ಬಿಚ್ಚಿ ಹೋಗಿತ್ತಂತೆ, ಕಾಲಲ್ಲಿ ಚಪ್ಪಲಿ ಇರಲಿಲ್ಲವಂತೆ. ಅವಳು ಅಜೈವಾ. ನಾಲ್ಕು ದಿನದಿಂದ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಕೇಳಿದೆ.

“ಅವಳು ಬದುಕಿರೋ ಅಜೈವಾ ಅಂತ ನಾನು ಅಂದ್ಕೊಳ್ಳಲಿಲ್ಲ,” ಎಂದ ಒಚೆರೆ. “ಗುರುವಾರ ಆ ದಾರೀಲಿ ಬರೋರು ಸತ್ತೋರು ಮಾತ್ರ. ಅವಳ ನೆರಳು ಕಂಡೆ, ಅವಳು ಸಾಯ್ತಾಳೆ ಅಂದ್ಕೊಂಡೆ. ಬಾಗಿಲು ಹಾಕ್ಕೊಂಡು ಒಳಗೆ ಕೂತೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣು ಅವಳ ಪಾದದ ಮೇಲಿತ್ತು, ಅದು ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು ನೋಡುವವನ ಹಾಗೆ. ಒಂದು ಗಂಟೆ ಮೊದಲಾಗಿದ್ದರೆ ಊರು ಈ ಮಾತನ್ನು ಭ್ರಮೆ ಎನ್ನುತ್ತಿತ್ತು. ಗುರುವಾರದ ಬಾಗಿಲು ತೆರೆದವಳು ನಾನು. ಆ ಬಾಗಿಲಿನಿಂದ ಈಗ ಅವಳೇ ಹೊರಗೆ ಬಂದಿದ್ದಳು.

ಟುಮಾಸಿ ಅಜೈವಾಳ ಮುಂದೆ ಬಂದು ನಿಂತ. ದೊರೆ ಕೇಳುತ್ತಿದ್ದಾರೆ, ಗುರುವಾರ ಕಾಡಿಗೆ ಹೋಗಿದ್ದೆಯಾ ಎಂದ.

“ಹೋಗಿದ್ದೆ.”

ಗುಂಪಿನಿಂದ ಉಸಿರೆಳೆದುಕೊಂಡ ಸದ್ದು ಬಂತು. ಅಜೈವಾ ಎದ್ದು ನಿಂತಳು. ಎಲ್ಲರಿಗೂ ಕೇಳುವ ಹಾಗೆ, ನೀರಿನ ಬಟ್ಟಲು ಕೊಡುವಾಗ ಇದ್ದಷ್ಟೇ ನಿಧಾನವಾಗಿ ಹೇಳಿದಳು.

“ಹೋದ ಗುರುವಾರ ಮಾತ್ರ ಅಲ್ಲ. ನಲವತ್ತೊಂದು ವರ್ಷದಿಂದ ಹೋಗ್ತಿದೀನಿ. ಸಫೋರೊನೂ ಬರ್ತಿದ್ದ. ಊರಲ್ಲಿ ನಮ್ಮಿಬ್ಬರ ಕುಲ ಒಂದೇ, ಮದುವೆ ಆಗೋ ಹಾಗಿರಲಿಲ್ಲ. ಗುರುವಾರ ಕಾಡಲ್ಲಿ ಯಾರೂ ಇರ್ತಿರಲಿಲ್ಲ.”

ಟುಮಾಸಿ ಅದನ್ನು ದೊರೆಗೆ ಹೇಳಿದ. ಅಕ್ಷರ ಬಿಡದೆ. ಅವನ ದನಿ ಕೂಡ ತಗ್ಗಿತ್ತು. ಬುಧವಾರ ಸಂಜೆ ಬೀದಿಬೀದಿಯಲ್ಲಿ ಗಂಟೆ ಬಾರಿಸಿ, ನಾಳೆ ಯಾರೂ ಕಾಡಿಗೆ ಹೋಗಬೇಡಿ ಎಂದು ನಲವತ್ತು ವರ್ಷ ಸಾರಿದವನು ಯಾಕೆ ಅಷ್ಟು ಉತ್ಸಾಹದಿಂದ ಸಾರುತ್ತಿದ್ದ ಎಂದು ಆ ಕ್ಷಣ ಊರಿಗೆಲ್ಲ ಗೊತ್ತಾಯಿತು. ಯಾರೂ ನಗಲಿಲ್ಲ.

ಉಳಿದದ್ದನ್ನೂ ಹೇಳಿದಳು. ಮೂರು ವಾರದಿಂದ ಅವರಿಬ್ಬರಲ್ಲದೆ ಇನ್ನೊಬ್ಬನು ಗುರುವಾರ ಬರತೊಡಗಿದ್ದ. ದೊಡ್ಡ ಬಳ್ಳಿ ಹತ್ತಿ ಹಸಿಕಾಯಿ ಕೊಯ್ಯುತ್ತಿದ್ದ. ಅವನನ್ನು ಹಿಡಿದು ಸಭೆಗೆ ಎಳೆಯುತ್ತೇನೆ ಎಂದು ಸಫೋರೊ ಹಟ ಹಿಡಿದಿದ್ದ. ಹಾಗೆ ಮಾಡಿದರೆ ಗುರುವಾರ ಅಲ್ಲಿ ನೀನೇನು ಮಾಡುತ್ತಿದ್ದೆ ಎಂದು ಆ ಕಳ್ಳ ಕೇಳುವುದಿಲ್ಲವೇ, ಅವನ ಕೈಯಲ್ಲಿ ಚಾಕು ಇದೆ, ಇನ್ನು ಈ ಕಡೆ ಬರಲೇಬೇಡ ಎಂದು ಬುಧವಾರ ಅವಳು ಕೂಗಾಡಿದ್ದು ಅದಕ್ಕೇ. ಶಾಪ ಹಾಕಿರಲಿಲ್ಲ, ಬೇಡಿಕೊಂಡಿದ್ದಳು. ಅವನು ಕೇಳಲಿಲ್ಲ. ಗುರುವಾರ ಸಫೋರೊ ಬಳ್ಳಿಯ ಬುಡಕ್ಕೆ ಹೋಗಿ, ಇಳಿಯೋ ಕೆಳಗೆ ಎಂದು ಕೂಗಿದ. ಮೇಲಿದ್ದವನು ಇಳಿದ. ಓಡು ಎಂದು ಸಫೋರೊ ಅವಳಿಗೆ ಕೈ ಮಾಡಿದ. ಅವಳು ಓಡಿದಳು. ಶುಕ್ರವಾರ ಅವನ ಹೆಣ ಅವಳ ನೆಲದ ಮೇಲೆಯೇ ಸಿಕ್ಕಿದ್ದು ಹೇಗೆಂದು ಅವಳಿಗೆ ತಿಳಿಯದು.

ಇದನ್ನೆಲ್ಲ ಹೇಳುವಾಗ ಅವಳ ದನಿ ಬರಬರುತ್ತ ಸೋತುಹೋಗಿತ್ತು. ಗುಂಪಿನಲ್ಲಿ ಗುಜುಗುಜು ಎದ್ದಿತ್ತು, ಬೇವಿನ ಒಣ ಎಲೆ ಗಾಳಿಗೆ ನೆಲದ ಮೇಲೆ ಸರಸರ ಹೊರಳುತ್ತಿತ್ತು. ಟುಮಾಸಿ ಕೇಳಿಸಿಕೊಳ್ಳಲು ಅವಳ ಬಾಯಿಯ ಹತ್ತಿರಕ್ಕೆ ಕಿವಿ ತಂದಿದ್ದ. ಎಲ್ಲವನ್ನೂ ಹೋಗಿ ಹೇಳಿ ಬಂದ. ಒಂದು ಸಂಗತಿ ಬಿಡಲಿಲ್ಲ.

ಮತ್ತೆ ಬಂದು ಬಾಗಿದ.

“ದೊರೆ ಕೇಳ್ತಿದಾರೆ ಅಜ್ಜಿ. ಬಳ್ಳಿ ಮೇಲಿದ್ದೋನು ಯಾರು?”

ಅಜೈವಾ ಅವನ ಮುಖವನ್ನು ದಿಟ್ಟಿಸಿದಳು. ಅವಳು ಮಾತಾಡಿದ್ದು ಪಿಸುದನಿಯಲ್ಲಿ. ಎರಡು ಮೊಳ ದೂರದಲ್ಲಿದ್ದ ನನಗೆ ಕೇಳಿಸಿತು. ನನ್ನ ಹಿಂದೆ ನಿಂತಿದ್ದ ಲಾರ್ಟೆಗೆ ಕೇಳಿಸಲಿಲ್ಲ.

“ನೀನೇ ಅಲ್ವಾ ಟುಮಾಸಿ. ಹೋಗು, ಹೇಳು. ನಾನು ಹೇಳಿದ ಹಾಗೇ ಹೇಳು.”

ಟುಮಾಸಿಯ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. ಅರ್ಥವಾಯಿತು ಎಂಬಂತೆ ತಲೆ ತೂಗಿದ. ಕೋಲು ಊರುತ್ತ, ಇಪ್ಪತ್ತು ಹೆಜ್ಜೆಯನ್ನು ಯಾವ ಅವಸರವೂ ಇಲ್ಲದೆ ನಡೆದ. ನಾನು ಅವನ ಹೆಜ್ಜೆ ಎಣಿಸಿದೆ. ಹನ್ನೆರಡನೆಯದಕ್ಕೆ ಒಂದು ಚೂರು ತಡೆದ ಹಾಗೆ ಕಂಡಿತು, ಅಷ್ಟೇ.

ಕೊಡೆಯ ಕೆಳಗೆ ನಿಂತು ಅವನು ದನಿ ಎತ್ತಿದ. ಅಂಗಳದ ಕೊನೆಯವರೆಗೂ ಕೇಳಿಸುವಂಥ, ಮೂವತ್ತು ವರ್ಷ ಯಾರೂ ಅನುಮಾನಿಸದ ದನಿ.

“ಒಡೆಯರೇ, ಅಜೈವಾ ಹೇಳ್ತಾಳೆ. ಬಳ್ಳಿ ಮೇಲಿದ್ದೋನು ಸಫೋರೊನ ತಂಗಿ ಮಗ, ಒಚೆರೆ.”

ಒಚೆರೆ ಬಾಯಿ ತೆರೆದ. ಏನೂ ಹೊರಡುವ ಮೊದಲೇ ಗುಂಪು ಅವನ ಮೇಲೆ ಮುಗಿಬಿತ್ತು. ಶನಿವಾರ ಪೆಟ್ಟಿಗೆಯ ಹಿಂದಿನ ಮೂಲೆ ಹೊತ್ತಿದ್ದ ಗೆಳೆಯನೇ ಅವನ ತೋಳು ತಿರುಚಿದ. ಅಲ್ಲ, ನಾನು ಹಾಗೆ ಹೇಳಲಿಲ್ಲ ಎಂದು ಅಜೈವಾ ಕೂಗುತ್ತಿದ್ದಳು. ಅವಳ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಲಾರ್ಟೆ ಒಚೆರೆಯನ್ನು ಬಿಡಿಸಲು ಗುಂಪಿನೊಳಗೆ ನುಗ್ಗಿದ, ಅವನ ಟೋಪಿ ಹಾರಿಹೋಯಿತು. ಕೆಂಪು ಪಟ್ಟಿಯೊಂದು ಕೈಯಿಂದ ಕೈಗೆ ಎಳೆದಾಟಕ್ಕೆ ಸಿಕ್ಕಿ ಹರಿಯಿತು.

ನಾನು ಎದ್ದು ನಿಂತೆ. ಸುಳ್ಳು ಎಂದು ಕಿರುಚಿದೆ. ಹತ್ತಿರದವರು ತಿರುಗಿ ನೋಡಿ, ಬಾಯಿ ಮುಚ್ಚು ಎಂದು ಸನ್ನೆ ಮಾಡಿದರು. ದೊರೆಗೆ ಹಾಗೆಲ್ಲ ನೇರವಾಗಿ ಕೂಗುವಂತಿಲ್ಲ.

ಕೊಡೆಯ ಕೆಳಗಿನಿಂದ ದೊರೆ ಕೈ ಎತ್ತಿದರು. ಪೊಲೀಸಿನವಳು ಏನೋ ಹೇಳಬೇಕೆಂದಿದ್ದಾಳೆ, ಕೇಳಿ ಬಾ ಎಂದರು.

ಟುಮಾಸಿ ಮತ್ತೆ ಇಪ್ಪತ್ತು ಹೆಜ್ಜೆ ನಡೆದು ಬಂದ. ನನ್ನ ಎದುರು ನಿಂತು, ಕೋಲನ್ನು ಎಡಗೈಗೆ ಬದಲಿಸಿಕೊಂಡ. ತಲೆ ಬಾಗಿಸಿ, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, ನಾನು ಮಾತಾಡುವುದಕ್ಕೆ ತಾಳ್ಮೆಯಿಂದ ಕಾದ.